ಹೊಸ ವಾಕಿಟಾಕಿ ಕೊಳ್ಳುವ ಮುನ್ನ ಗ್ಲೌಸ್ ಹಾಕಿಕೊಂಡು ನೋಡಿ

ಓದುಗರ ಪ್ರಶ್ನೆ: ನಾನು ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಯ ಸಂವಹನ ವಿಭಾಗದಲ್ಲಿದ್ದೇನೆ. ಪೊಲೀಸರು ಮತ್ತು ಆಂಬುಲೆನ್ಸ್‌ನವರ ಜೊತೆ ಒಂದೇ ರೇಡಿಯೊ ಜಾಲವನ್ನು ಹಂಚಿಕೊಂಡಿದ್ದೇವೆ. ಹಳೆಯ ಸೆಟ್‌ಗಳನ್ನು ಬದಲಿಸುವ ಹೊತ್ತು ಬಂದಿದೆ. ಮೂರು ಕಂಪನಿಯವರು ಬಂದು ಪ್ರದರ್ಶನ ಕೊಟ್ಟು ಹೋದರು. ಒಂದರಲ್ಲಿ ಟಚ್‌ಸ್ಕ್ರೀನ್ ಇದೆ, ಇನ್ನೊಂದರಲ್ಲಿ ಎಲ್ಲ ಬ್ಯಾಂಡ್‌ಗಳೂ (ರೇಡಿಯೊ ಆವರ್ತನ ಶ್ರೇಣಿಗಳು) ಇವೆ, ಮೂರರಲ್ಲೂ ಎಲ್‌ಟಿಇ (4ಜಿ ಮೊಬೈಲ್ ಜಾಲದ ಸಂಪರ್ಕ) ಇದೆ. ಪೊಲೀಸ್ ಸಹೋದ್ಯೋಗಿಗಳಿಗೆ ಟಚ್‌ಸ್ಕ್ರೀನ್ ಹಿಡಿಸಿದೆ, ನಮ್ಮ ಹುಡುಗರಿಗೆ ಅದನ್ನು ಕಂಡರೆ ಆಗದು. ಮೇಲಧಿಕಾರಿಯೊಬ್ಬರು ‘ಇಷ್ಟು ದುಬಾರಿ ಸೆಟ್ ಏಕೆ, ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಲದೇ’ ಎನ್ನುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು? ಹಳೆಯ ಸೆಟ್‌ಗಳನ್ನು ಏನು ಮಾಡಬೇಕು?

ಉತ್ತರ:

ಬ್ರ್ಯಾಂಡ್‌ಗಳ ಜಗಳವನ್ನು ಮೊದಲೇ ಮುಗಿಸಿಬಿಡೋಣ. ಪಿ25, ಟೆಟ್ರಾ ಎರಡೂ ತುರ್ತು ಸೇವೆಗಳು ಬಳಸುವ ಡಿಜಿಟಲ್ ರೇಡಿಯೊ ಮಾನಕಗಳು. ಪಿ25 ಜಾಲವಾದರೆ ಮೊಟೊರೊಲಾದ ಎಪಿಎಕ್ಸ್ ನೆಕ್ಸ್ಟ್, ಎಲ್3ಹ್ಯಾರಿಸ್‌ನ ಎಕ್ಸ್‌ಎಲ್ ಸರಣಿ, ಕೆನ್‌ವುಡ್‌ನ ವಿಪಿ8000, ಬಿಕೆಯ ಬಿಕೆಆರ್ 9000. ಟೆಟ್ರಾ ಜಾಲವಾದರೆ ಸೆಪುರಾ, ಮೊಟೊರೊಲಾ, ಏರ್‌ಬಸ್, ಹೈಟೆರಾ ಮುಂತಾದವರ ಸೆಟ್‌ಗಳು. ರೇಡಿಯೊ ಎಂಬ ಯಂತ್ರವಾಗಿ ಇವೆಲ್ಲ ಗಟ್ಟಿಯಾದವೇ. ಇವುಗಳ ವಿವರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಸಂಕೇತ ಗ್ರಹಿಸುವ ಶಕ್ತಿಯ ಅಂಕಿಗಳನ್ನು ಹೋಲಿಸುತ್ತ ರಾತ್ರಿ ಕಳೆಯುವವರನ್ನು ಕಂಡಿದ್ದೇನೆ. ಅಲ್ಲಿ ಸಿಗುವ ವ್ಯತ್ಯಾಸವನ್ನು ಸೊಂಟದ ಮೇಲೆ ಸೆಟ್ ಇಟ್ಟುಕೊಂಡ ಒಬ್ಬ ಸಿಬ್ಬಂದಿ ಒಮ್ಮೆ ಮಗ್ಗುಲಾದರೆ ಅಳಿಸಿಹಾಕುತ್ತಾನೆ. ನಿಜವಾದ ಅಂತರ ಇರುವುದು ಬೇರೆ ಮೂರು ಕಡೆ: ಕೈಯಲ್ಲಿ, ಕಿವಿಯಲ್ಲಿ ಮತ್ತು ಕೊಂಡ ಮೇಲಿನ ಐದಾರು ವರ್ಷಗಳ ನಿರ್ವಹಣೆಯಲ್ಲಿ.

ಮೊದಲು ಕೈಯ ಮಾತು. ಟಚ್‌ಸ್ಕ್ರೀನ್ ವಿಷಯದಲ್ಲಿ ನಿಮ್ಮ ಹುಡುಗರೂ ಸರಿ, ಪೊಲೀಸರೂ ಸರಿ. ಗಸ್ತಿನಲ್ಲಿರುವವರಿಗೆ ನಕ್ಷೆ ನೋಡಲು, ಸಂದೇಶ ಓದಲು, ನೂರಾರು ಟಾಕ್‌ಗ್ರೂಪ್‌ಗಳ (ಒಂದೇ ತಂಡದವರು ಒಟ್ಟಿಗೆ ಮಾತಾಡುವ ಗುಂಪುಗಳ) ನಡುವೆ ಬೇಕಾದುದನ್ನು ಹುಡುಕಲು ಪರದೆ ಅನುಕೂಲ. ಹೊಗೆಯೊಳಗೆ ಮಂಡಿಯೂರಿ ತೆವಳುವವನಿಗೆ ಪರದೆ ಕಾಣುವುದೇ ಇಲ್ಲ. ಅವನು ನಂಬುವುದು ಗುಂಡಿ ಮತ್ತು ತಿರುಗುಗುಬ್ಬಿಗಳನ್ನು ಮಾತ್ರ. ಆದ್ದರಿಂದ ಎರಡು ವಿಭಾಗಕ್ಕೂ ಒಂದೇ ಮಾದರಿ ಎಂಬ ಹಟ ಬೇಡ. ಜಾಲ ಒಂದೇ ಆಗಿದ್ದರೆ ಸಾಕು, ಸೆಟ್ ಒಂದೇ ಆಗಬೇಕಿಲ್ಲ. ನಿಮ್ಮ ಕಡೆಯ ಘಟನಾ ಸ್ಥಳದ ಕಮಾಂಡರ್‌ಗೆ ಪರದೆಯಿರುವ ಸೆಟ್ ಕೊಡಿ, ಒಳಗೆ ನುಗ್ಗುವವರಿಗೆ ಬೇಡ.

ಪರೀಕ್ಷೆ ಹೀಗಿರಲಿ. ಮಾರಾಟ ಪ್ರತಿನಿಧಿ ತಣ್ಣನೆಯ ಕೊಠಡಿಯಲ್ಲಿ ಮೇಜಿನ ಮೇಲೆ ಸೆಟ್ ಇಟ್ಟು ತೋರಿಸುವುದಕ್ಕೆ ಒಪ್ಪಬೇಡಿ. ಬೆಂಕಿ ಆರಿಸುವಾಗ ಹಾಕುವ ಅದೇ ದಪ್ಪ ಗ್ಲೌಸನ್ನು ನೀರಿನಲ್ಲಿ ಅದ್ದಿ ಹಾಕಿಕೊಳ್ಳಿ, ಸೆಟ್ಟನ್ನು ಎದೆಯ ಜೇಬಿಗೆ ಇಳಿಸಿ, ಕಣ್ಣು ಮುಚ್ಚಿ. ಈಗ ನಾಲ್ಕನೇ ಚಾನೆಲ್‌ನಿಂದ ಏಳಕ್ಕೆ ಹೋಗಿ. ಚಾನೆಲ್ ಗುಬ್ಬಿ ತಿರುಗಿಸುವಾಗ ಪಕ್ಕದ ವಾಲ್ಯೂಮ್ ಗುಬ್ಬಿಯೂ ಜೊತೆಗೇ ತಿರುಗಿತೇ? ಹದಿನಾರನೇ ಚಾನೆಲ್ ಮುಗಿದ ಮೇಲೆ ಗುಬ್ಬಿ ಅಲ್ಲೇ ತಡೆದು ನಿಲ್ಲುತ್ತದೆಯೇ, ಅಥವಾ ಸುತ್ತಿ ಒಂದಕ್ಕೆ ಬರುತ್ತದೆಯೇ? ತಡೆದು ನಿಲ್ಲುವ ಗುಬ್ಬಿಯಾದರೆ ಕತ್ತಲಲ್ಲೂ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಬಹುದು. ಚಾನೆಲ್ ಬದಲಾದಾಗ ಹೆಸರನ್ನು ಧ್ವನಿಯಲ್ಲಿ ಹೇಳುವ ಸೌಲಭ್ಯವನ್ನು ಕಡ್ಡಾಯವಾಗಿ ಕೇಳಿ. ನನ್ನ ಮಟ್ಟಿಗೆ ಈ ಹತ್ತಿಪ್ಪತ್ತು ವರ್ಷಗಳ ಸುಧಾರಣೆಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಸುಧಾರಣೆ ಅದು.

ತುರ್ತು ಗುಂಡಿಯನ್ನು ಒತ್ತಿ ನೋಡುವುದಷ್ಟೇ ಸಾಲದು, ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಕೊನೆಯವರೆಗೆ ಹಿಂಬಾಲಿಸಿ. ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂಬುದನ್ನು ನೀವೇ ನಿಗದಿ ಮಾಡಬಹುದು. ತೀರಾ ಕಡಿಮೆ ಇಟ್ಟರೆ ವಾಹನದ ಬಾಗಿಲು ತಾಗಿದರೂ ಕಂಟ್ರೋಲ್ ರೂಂ ಬೆಚ್ಚಿಬೀಳುತ್ತದೆ. ದಿನಕ್ಕೆ ನಾಲ್ಕು ಸುಳ್ಳು ಕರೆ ಬಂದರೆ ಐದನೆಯ ನಿಜವಾದ ಕರೆಗೂ ಆಪರೇಟರ್ ನಿಧಾನವಾಗುತ್ತಾನೆ. ಗುಂಡಿ ಒತ್ತಿದ ಮೇಲೆ ಮೈಕ್ ತಾನಾಗಿ ತೆರೆದುಕೊಳ್ಳುತ್ತದೆಯೇ, ಎಷ್ಟು ಸೆಕೆಂಡ್? ಆ ಕ್ಷಣ ಸೆಟ್ ಜಾಲದ ವ್ಯಾಪ್ತಿಯ ಹೊರಗಿದ್ದರೆ ಕರೆ ಎಲ್ಲಿಗೆ ಹೋಗುತ್ತದೆ? ಈ ಕೊನೆಯ ಪ್ರಶ್ನೆಗೆ ಪ್ರದರ್ಶನದ ದಿನ ಉತ್ತರ ಸಿಗುವುದು ಅಪರೂಪ. ಬರಹದಲ್ಲಿ ಕೇಳಿ.

ಇನ್ನು ಕಿವಿ. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಡಿಜಿಟಲ್ ಸೆಟ್ ನಿಮ್ಮ ಧ್ವನಿಯನ್ನು ಹಾಗೆಯೇ ಕಳಿಸುವುದಿಲ್ಲ. ವೋಕೋಡರ್ ಎಂಬ ತಂತ್ರಾಂಶ ಧ್ವನಿಯನ್ನು ಅಳೆದು, ಮನುಷ್ಯನ ಗಂಟಲಿನಿಂದ ಹೊರಟಿದ್ದಿರಬೇಕು ಎಂಬ ಊಹೆಯ ಮೇಲೆ ಅದನ್ನು ಅಂಕಿಗಳಾಗಿ ಹಿಂಡಿ ಕಳಿಸುತ್ತದೆ. ಅತ್ತ ಕಡೆಯ ಸೆಟ್ ಆ ಅಂಕಿಗಳಿಂದ ಧ್ವನಿಯನ್ನು ಹೊಸದಾಗಿ ಕಟ್ಟುತ್ತದೆ. ಸಾಮಾನ್ಯ ಡಿಜಿಟಲ್ ದೂರವಾಣಿ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ಬಳಸಿದರೆ, ಪಿ25 ಮೊದಲ ಹಂತದ ವೋಕೋಡರ್ ಮಾತಿಗಾಗಿ ಇಟ್ಟುಕೊಂಡಿರುವುದು 4.4 ಕಿಲೋಬಿಟ್ ಮಾತ್ರ. ಎರಡನೆಯ ಹಂತದಲ್ಲಿ ಅದು ಇನ್ನೂ ಕಡಿಮೆ. ಟೆಟ್ರಾದ್ದು ಹೆಚ್ಚುಕಡಿಮೆ ಪಿ25 ಮೊದಲ ಹಂತದಷ್ಟೇ. ಶಾಂತ ಕೊಠಡಿಯಲ್ಲಿ ಇದು ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಹಿನ್ನೆಲೆಯಲ್ಲಿ ಚೈನ್‌ಸಾ ಕಿರುಚುತ್ತಿದ್ದರೆ, ಉಸಿರಾಟದ ಸಿಲಿಂಡರ್‌ನ ಗಾಳಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಗಂಟೆ ಬಾರಿಸುತ್ತಿದ್ದರೆ, ವೋಕೋಡರ್ ಆ ಸದ್ದನ್ನೂ ಗಂಟಲಿನದೇ ಎಂದು ಬಗೆದು ಮಾತಿನ ಜೊತೆ ಕಲಸಿಬಿಡುತ್ತದೆ. 2008ರಲ್ಲಿ ಅಮೆರಿಕದ ದೂರಸಂಪರ್ಕ ಸಂಸ್ಥೆ ಎನ್‌ಟಿಐಎ ಬೆಂಕಿಯ ಸ್ಥಳದ ಇಂಥ ಸದ್ದುಗಳ ನಡುವೆಯೇ ಪರೀಕ್ಷೆ ನಡೆಸಿತು. ಕೆಲವು ಸನ್ನಿವೇಶಗಳಲ್ಲಿ ಹಳೆಯ ಅನಲಾಗ್ ಎಫ್‌ಎಂ ಮಾತು ಡಿಜಿಟಲ್‌ಗಿಂತ ಸ್ಪಷ್ಟವಾಗಿ ತಿಳಿಯಿತು. ಅನೇಕ ಅಗ್ನಿಶಾಮಕ ದಳಗಳು ಬೆಂಕಿಯ ಸ್ಥಳದ ಚಾನೆಲ್‌ಗಳನ್ನು ಇಂದಿಗೂ ಅನಲಾಗ್‌ನಲ್ಲೇ ಇಟ್ಟುಕೊಂಡಿರುವುದು ಹಳೆಯದರ ಮೋಹದಿಂದಲ್ಲ.

ಅಂದಿನಿಂದ ವೋಕೋಡರ್‌ಗಳು ಸುಧಾರಿಸಿವೆ, ಗದ್ದಲ ತಗ್ಗಿಸುವ ತಂತ್ರವೂ ಬಂದಿದೆ. ಹೊಸ ಸೆಟ್‌ಗಳಲ್ಲಿ ಎರಡು ಅಥವಾ ಹೆಚ್ಚು ಮೈಕ್‌ಗಳಿರುತ್ತವೆ: ಒಂದು ಮಾತನ್ನು ಹಿಡಿದರೆ ಇನ್ನೊಂದು ಸುತ್ತಲಿನ ಸದ್ದನ್ನು ಹಿಡಿಯುತ್ತದೆ, ಸೆಟ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೈಕ್ ಯಾವುದೆಂದು ಬಳಸುವವನಿಗೆ ಗೊತ್ತಿದ್ದರೆ. ಗೊತ್ತಿಲ್ಲದೆ ತಪ್ಪು ಬದಿಯಿಂದ ಮಾತಾಡಿದವನ ಮಾತೇ ಗದ್ದಲವೆಂದು ಕಳೆದುಹೋಗುತ್ತದೆ. ಬಾಯಿಗೂ ಮೈಕಿಗೂ ಎರಡು ಬೆರಳಿನ ಅಂತರ, ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು, ಕೂಗಾಟವಿಲ್ಲದ ಗಟ್ಟಿ ಧ್ವನಿ. ಇಷ್ಟನ್ನು ಕಲಿಸದೆ ಕೊಂಡ ದುಬಾರಿ ಸೆಟ್ಟಿಗಿಂತ ಕಲಿಸಿ ಕೊಟ್ಟ ಸಾಧಾರಣ ಸೆಟ್ಟೇ ವಾಸಿ.

ಧ್ವನಿಯ ಪರೀಕ್ಷೆಗೆ ‘ಹಲೋ ಹಲೋ, ಒಂದು ಎರಡು ಮೂರು’ ಪ್ರಯೋಜನವಿಲ್ಲ. ಮುಂದೇನು ಬರುತ್ತದೆಂದು ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ. ತಜ್ಞರು ಪ್ರಾಸಪದಗಳ ಪರೀಕ್ಷೆ ಮಾಡುತ್ತಾರೆ. ಒಂದೇ ಅಕ್ಷರ ಬದಲಾಗುವ ಆರು ಪದಗಳ ಗುಂಪಿನಿಂದ ಒಂದನ್ನು ಓದುವುದು, ಕೇಳಿದವನು ತನಗೆ ಕೇಳಿಸಿದ್ದನ್ನು ಗುರುತು ಮಾಡುವುದು. ನೀವೂ ಮಾಡಬಹುದು: ಕಡೆ, ತಡೆ, ನಡೆ, ಪಡೆ, ಹೀಗೆ. ಓದುವವನು ಮುಖವಾಡ ಹಾಕಿರಲಿ, ಪಕ್ಕದಲ್ಲಿ ಪಂಪ್ ಓಡುತ್ತಿರಲಿ, ಕೇಳುವವನ ತಲೆಯ ಮೇಲೆ ಹೆಲ್ಮೆಟ್ ಇರಲಿ. ‘ನಡೆ’ ಎಂದದ್ದು ‘ತಡೆ’ ಎಂದು ಬರೆದುಕೊಂಡ ಚೀಟಿಯೊಂದು ಕೈಗೆ ಸಿಕ್ಕರೆ ಸಾಕು, ಆ ಸೆಟ್ಟಿನ ಬಗ್ಗೆ ಬೇರೆ ವರದಿ ಬೇಕಿಲ್ಲ. ಮೂರೂ ಕಂಪನಿಯ ಸೆಟ್‌ಗಳಿಗೆ ಇದೇ ಪರೀಕ್ಷೆ ಒಂದೇ ದಿನ, ಒಂದೇ ಜಾಗದಲ್ಲಿ ನಡೆಯಲಿ. ಹೆಸರಿನ ಮೇಲೆ ಪಟ್ಟಿ ಅಂಟಿಸಿ, ಯಾವುದು ಯಾರದೆಂದು ಕೇಳುವವರಿಗೆ ತಿಳಿಯದಂತೆ ಮಾಡಿ.

ಆಂಟೆನಾ ಮತ್ತು ಶಕ್ತಿಯ ಬಗ್ಗೆ ಎರಡು ಮಾತು. ವಿಎಚ್‌ಎಫ್, ಯುಎಚ್‌ಎಫ್ ಬ್ಯಾಂಡ್‌ಗಳಲ್ಲಿ ಕೈಸೆಟ್ಟಿನ ಶಕ್ತಿ ಸುಮಾರು 5 ವಾಟ್, 700–800 ಮೆಗಾಹರ್ಟ್ಸ್‌ನಲ್ಲಿ ಸುಮಾರು 3 ವಾಟ್. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವ ಲಾಭ 3 ಡೆಸಿಬೆಲ್ ಅಷ್ಟೇ. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ ಗಿಡ್ಡ ಆಂಟೆನಾ ಹಾಕಿದರೆ, ಮೈ ಅಡ್ಡ ಬಂದು ಅದಕ್ಕಿಂತ ಎಷ್ಟೋ ಹೆಚ್ಚು ನಷ್ಟವಾಗುತ್ತದೆ. ಚಂದ ಕಾಣುತ್ತದೆಂದು ಗಿಡ್ಡ ಆಂಟೆನಾ ಕೇಳುವವರಿಗೆ ಮಣಿಯಬೇಡಿ. ಎಲ್ಲ ಬ್ಯಾಂಡ್‌ಗಳಿಗೂ ಒಂದೇ ಆಂಟೆನಾ ಎಂದರೆ ಎಲ್ಲ ಬ್ಯಾಂಡ್‌ಗಳಲ್ಲೂ ಸ್ವಲ್ಪ ಸ್ವಲ್ಪ ರಾಜಿ. ನೆರವಿಗೆ ಬರುವ ನೆರೆಯ ದಳಗಳು ನಿಜಕ್ಕೂ ಬೇರೆ ಬ್ಯಾಂಡ್‌ನಲ್ಲಿದ್ದರೆ ಬಹುಬ್ಯಾಂಡ್ ಸೆಟ್ ಅಮೂಲ್ಯ. ಎಲ್ಲರೂ ಒಂದೇ ಬ್ಯಾಂಡ್‌ನಲ್ಲಿದ್ದರೆ ಆ ಹಣವನ್ನು ಹೆಚ್ಚುವರಿ ಬ್ಯಾಟರಿಗೆ ಹಾಕಿ. ಕಮಾಂಡರ್‌ಗಳ ಕೆಲವು ಸೆಟ್‌ಗಳಿಗೆ ಮಾತ್ರ ಎಲ್ಲ ಬ್ಯಾಂಡ್ ತೆಗೆದುಕೊಳ್ಳುವುದು ಮಧ್ಯದ ದಾರಿ.

ಈಗ ನಿಮ್ಮ ಮೇಲಧಿಕಾರಿಯವರ ಪ್ರಶ್ನೆ. ಆ್ಯಪ್ ಸಾಲದೇ? ಸಾಲದು. ಹಾಗೆಂದು ಎಲ್‌ಟಿಇಯನ್ನು ತಳ್ಳಿಹಾಕುವ ಹಳೆಯ ಕಾಲದ ರೇಡಿಯೊ ಮಂದಿಯ ಜೊತೆಗೂ ನಾನಿಲ್ಲ.

ಮೊಬೈಲ್ ಜಾಲದ ಮೇಲೆ ವಾಕಿಟಾಕಿಯಂತೆ ಮಾತಾಡಲು ಎಂಸಿಪಿಟಿಟಿ ಎಂಬ ಮಾನಕವೇ ಇದೆ. ಮೊಬೈಲ್ ಜಾಲಗಳ ಮಾನಕ ರೂಪಿಸುವ 3ಜಿಪಿಪಿ ಸಂಸ್ಥೆ 2016ರ ಹೊತ್ತಿಗೆ ತನ್ನ 13ನೇ ಆವೃತ್ತಿಯಲ್ಲಿ ಅದನ್ನು ಸೇರಿಸಿತು. ಗುಂಡಿ ಒತ್ತಿದ ಮೇಲೆ ಮಾತಿಗೆ ಅವಕಾಶ ಸಿಗಲು 300 ಮಿಲಿಸೆಕೆಂಡ್ ಮೀರಬಾರದು ಎಂಬಂಥ ಗುರಿಗಳನ್ನು ಅದು ಇಟ್ಟುಕೊಂಡಿದೆ. ಕಾಗದದ ಮೇಲೆ ಎಲ್ಲವೂ ಇದೆ. ಎಡವುವುದು ಜಾಲ ಕೈಕೊಟ್ಟಾಗ. ಟವರ್ ಇಲ್ಲದ ನೆಲಮಾಳಿಗೆಯಲ್ಲಿ ಇಬ್ಬರು ನೇರವಾಗಿ ಒಬ್ಬರಿಗೊಬ್ಬರು ಮಾತಾಡಬೇಕು. ರೇಡಿಯೊದಲ್ಲಿ ಇದು ಸಿಂಪ್ಲೆಕ್ಸ್ ಚಾನೆಲ್‌ಗೆ ಗುಬ್ಬಿ ತಿರುಗಿಸಿದಷ್ಟು ಸುಲಭ, ಅದರ ಹಿಂದೆ 3ರಿಂದ 5 ವಾಟ್ ಶಕ್ತಿ ಇರುತ್ತದೆ. ಸಾಮಾನ್ಯ ಮೊಬೈಲಿನ ಎಲ್‌ಟಿಇ ಪ್ರಸಾರ ಶಕ್ತಿ ಹೆಚ್ಚೆಂದರೆ 200 ಮಿಲಿವಾಟ್, ಅಂದರೆ 5 ವಾಟ್‌ನ ಇಪ್ಪತ್ತೈದನೇ ಒಂದು ಪಾಲು. ಟವರ್ ಇಲ್ಲದೆ ನೇರ ಮಾತಿಗೆ ಮಾನಕದಲ್ಲಿ ಅವಕಾಶ ಇದ್ದರೂ ಅಂಗಡಿಯಲ್ಲಿ ಸಿಗುವ ಫೋನ್‌ಗಳಲ್ಲಿ ಅದು ಬಂದೇ ಇಲ್ಲ. ಬ್ರಿಟನ್ ಈ ಹಾದಿಯಲ್ಲಿ ಧೈರ್ಯವಾಗಿ ಹೊರಟ ದೇಶ. ಟೆಟ್ರಾ ಆಧಾರಿತ ಏರ್‌ವೇವ್ ಜಾಲವನ್ನು 2019ರ ಕೊನೆಗೆ ಮುಚ್ಚಿ ಎಲ್ಲವನ್ನೂ 4ಜಿಗೆ ಸಾಗಿಸುವ ಯೋಜನೆಗೆ ಅದು 2015ರಲ್ಲಿ ಒಪ್ಪಂದಗಳನ್ನು ಮಾಡಿಕೊಂಡಿತು. ಗಡುವು ಮುಗಿದು ವರ್ಷಗಳೇ ಉರುಳಿದರೂ ಅಲ್ಲಿನ ತುರ್ತು ಸೇವೆಗಳು ಏರ್‌ವೇವ್‌ನ ಕೈಬಿಟ್ಟಿಲ್ಲ. ನಿಮ್ಮ ಮೇಲಧಿಕಾರಿಯವರ ಮುಂದೆ ಇದೊಂದನ್ನೇ ಇಟ್ಟರೂ ಸಾಕು.

ಆದರೆ ರೇಡಿಯೊ ಸೆಟ್ಟಿನೊಳಗೇ ಎಲ್‌ಟಿಇ ಇದ್ದರೆ ಕಥೆ ಬೇರೆ. ಜಾಲದ ವ್ಯಾಪ್ತಿ ಮೀರಿ ಹೋದ ಆಂಬುಲೆನ್ಸ್ ಸಿಬ್ಬಂದಿಯ ಮಾತು ತಾನಾಗಿ ಮೊಬೈಲ್ ಜಾಲಕ್ಕೆ ಹೊರಳಿ ಅದೇ ಟಾಕ್‌ಗ್ರೂಪ್‌ಗೆ ಬಂದು ಸೇರುವ ಏರ್ಪಾಡು ನಿಜವಾದ ಉಪಕಾರ. ಅದಕ್ಕಿಂತ ದೊಡ್ಡ ಉಪಕಾರವೊಂದಿದೆ, ಕರಪತ್ರಗಳಲ್ಲಿ ಅದನ್ನು ಚಿಕ್ಕ ಅಕ್ಷರದಲ್ಲಿ ಹಾಕುತ್ತಾರೆ: ದೂರದಿಂದಲೇ ಪ್ರೋಗ್ರಾಮಿಂಗ್. ಸೆಟ್ಟಿನೊಳಗಿನ ಚಾನೆಲ್ ಪಟ್ಟಿ, ಟಾಕ್‌ಗ್ರೂಪ್, ಗುಂಡಿಗಳ ಕೆಲಸ ಎಲ್ಲವನ್ನೂ ನಿರ್ಧರಿಸುವ ಕೋಡ್‌ಪ್ಲಗ್ ಎಂಬ ಕಡತವನ್ನು ಬದಲಿಸಬೇಕಾದರೆ ಹಿಂದೆ ಪ್ರತಿ ಸೆಟ್ಟನ್ನೂ ಠಾಣೆಯಿಂದ ತರಿಸಿ ಕೇಬಲ್ ಚುಚ್ಚಬೇಕಿತ್ತು. ರಜೆಯಲ್ಲಿದ್ದವನ ಸೆಟ್, ದುರಸ್ತಿಗೆ ಹೋಗಿದ್ದ ಸೆಟ್ ಹಳೆಯ ಪಟ್ಟಿಯಲ್ಲೇ ಉಳಿದು, ದೊಡ್ಡ ಅವಘಡದ ದಿನ ‘ನನ್ನ ಸೆಟ್ಟಿನಲ್ಲಿ ಆ ಚಾನೆಲ್ಲೇ ಇಲ್ಲ’ ಎಂಬ ಮಾತು ಬರುತ್ತಿತ್ತು. ವೈಫೈ ಅಥವಾ ಎಲ್‌ಟಿಇ ಮೂಲಕ ರಾತ್ರೋರಾತ್ರಿ ಎಲ್ಲ ಸೆಟ್‌ಗಳೂ ಒಂದೇ ಆವೃತ್ತಿಗೆ ಬರುವುದು ಟಚ್‌ಸ್ಕ್ರೀನ್‌ಗಿಂತ ನೂರು ಪಾಲು ಮೇಲು. ಧ್ವನಿ ಸಹಾಯಕರು, ವಾಹನ ಸಂಖ್ಯೆಯನ್ನು ಬಾಯಲ್ಲಿ ಹೇಳಿ ವಿವರ ಪಡೆಯುವ ಸೌಲಭ್ಯಗಳು ಪೊಲೀಸರಿಗೆ ಇಷ್ಟವಾಗಬಹುದು. ನಿಮಗೆ ಅದಕ್ಕಾಗಿ ಹಣ ತೆರುವ ಅಗತ್ಯ ಕಾಣುವುದಿಲ್ಲ.

ಕಟ್ಟಡದೊಳಗಿನ ವ್ಯಾಪ್ತಿಯ ವಿಷಯ ಬಂದಾಗಲೆಲ್ಲ ನಾನು ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಅನ್ನು ಎತ್ತಿ ತೋರಿಸುತ್ತೇನೆ. 1993ರ ಬಾಂಬ್ ದಾಳಿಯ ನಂತರ ಅಗ್ನಿಶಾಮಕ ರೇಡಿಯೊಗಳಿಗಾಗಿ ಅಲ್ಲಿ ರಿಪೀಟರ್ (ಸಂಕೇತವನ್ನು ಹಿಡಿದು, ಬಲಪಡಿಸಿ ಮತ್ತೆ ಕಳಿಸುವ ಯಂತ್ರ) ಅಳವಡಿಸಿದ್ದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಅದರ ಒಂದು ಗುಂಡಿಯನ್ನು ಒತ್ತಲಾಗಿತ್ತು. ಮುಖ್ಯ ಹ್ಯಾಂಡ್‌ಸೆಟ್ಟನ್ನು ಚಾಲೂ ಮಾಡುವ ಎರಡನೇ ಗುಂಡಿಯನ್ನು ಒತ್ತಿರಲಿಲ್ಲ. ಉತ್ತರ ಗೋಪುರದ ಅಧಿಕಾರಿಗಳು ಪರೀಕ್ಷಿಸಿ ನೋಡಿ, ಕೆಲಸ ಮಾಡುತ್ತಿಲ್ಲವೆಂದು ತಿಳಿದು ಅದನ್ನು ಬಿಟ್ಟುಬಿಟ್ಟರು ಎಂದು ತನಿಖಾ ಆಯೋಗದ 2004ರ ವರದಿ ವಿವರಿಸುತ್ತದೆ. ನೀವು ಯಾವ ಸೆಟ್ ಕೊಂಡರೂ, ಅದರಲ್ಲಿ ರಿಪೀಟರ್ ಚಾನೆಲ್ ಯಾವುದು, ನೇರ ಚಾನೆಲ್ ಯಾವುದು, ಒಂದು ಸತ್ತರೆ ಇನ್ನೊಂದಕ್ಕೆ ಯಾರು ಯಾವಾಗ ಹೊರಳಬೇಕು ಎಂಬುದು ಹೊಸದಾಗಿ ಸೇರಿದವನ ಬಾಯಲ್ಲೂ ಇರಬೇಕು.

ತಾಳಿಕೆಯ ವಿಷಯದಲ್ಲಿ ಜಾಹೀರಾತಿನ ಅಕ್ಷರಗಳನ್ನು ಬಿಡಿಸಿ ಓದಿ. ಐಪಿ67 ಎಂದರೆ ದೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು. ಐಪಿ68ರ ಆಳ ಮತ್ತು ಅವಧಿಯನ್ನು ತಯಾರಕರೇ ಹೇಳುತ್ತಾರೆ, ಆದ್ದರಿಂದ ಎಷ್ಟು ಆಳ, ಎಷ್ಟು ಹೊತ್ತು ಎಂದು ಕೇಳಲೇಬೇಕು. ‘ಮಿಲಿಟರಿ ಮಾನಕ 810’ ಎಂಬ ಸಾಲು ಇನ್ನೂ ಸಡಿಲ. ಅದರಲ್ಲಿ ಹತ್ತಾರು ಪರೀಕ್ಷೆಗಳಿವೆ, ಯಾವುದನ್ನು ಮಾಡಿಸಿದ್ದಾರೆ ಎಂಬ ಪಟ್ಟಿ ತರಿಸಿ. ಬೆಂಕಿಗೆ ಇವು ಯಾವುವೂ ಉತ್ತರವಲ್ಲ. ಅಪಾಯದ ವಲಯದೊಳಗೆ ಹೋಗುವ ಕೈಸೆಟ್‌ಗಳಿಗೆಂದೇ ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 1802 ಎಂಬ ಮಾನಕ 2021ರ ಆವೃತ್ತಿಯಾಗಿ ಬಂತು. 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಬಾಳುವಂಥ ಪರೀಕ್ಷೆಗಳು ಅದರಲ್ಲಿವೆ. ಅದಕ್ಕೆ ಪ್ರಮಾಣಿತವಾದ ಸೆಟ್‌ಗಳು ಭಾರ, ದುಬಾರಿ, ಆಯ್ಕೆಯೂ ಕಡಿಮೆ. ನುಗ್ಗುವ ತಂಡಕ್ಕೆ ನಾನು ಅದನ್ನೇ ಹೇಳುತ್ತೇನೆ. ಭುಜದ ಮೈಕ್ ಮತ್ತು ಅದರ ವೈರ್ ಅನ್ನೂ ಸೇರಿಸಿಯೇ ಪ್ರಮಾಣಪತ್ರ ಇದೆಯೇ ನೋಡಿ, ಏಕೆಂದರೆ ಸೆಟ್ ಜೇಬಿನೊಳಗೆ ಕ್ಷೇಮವಾಗಿರುವಾಗ ಮೊದಲು ಬಿಸಿಗೆ ಒಡ್ಡಿಕೊಳ್ಳುವುದು ಹೊರಗೆ ನೇತಾಡುವ ಆ ವೈರ್. ಸೋರಿದ ಅನಿಲದ ನಡುವೆ ಬಳಸುವುದಾದರೆ ಕಿಡಿ ಹೊತ್ತಿಸದ ಪ್ರಮಾಣೀಕರಣ ಸೆಟ್ಟಿಗೂ ಬ್ಯಾಟರಿಗೂ ಜೊತೆಯಾಗಿ ಇರಬೇಕು. ಹೊರಗಿನ ಅಗ್ಗದ ಬ್ಯಾಟರಿ ಹಾಕಿದ ಕ್ಷಣ ಆ ಪ್ರಮಾಣೀಕರಣ ಬಿದ್ದುಹೋಗುತ್ತದೆ.

ಬ್ಯಾಟರಿಯ ಗಂಟೆಗಳ ಲೆಕ್ಕ ಸಾಮಾನ್ಯವಾಗಿ 5-5-90 ಎಂಬ ಹಂಚಿಕೆಯ ಮೇಲೆ ನಿಂತಿದೆ: ಶೇ 5 ಮಾತು, ಶೇ 5 ಆಲಿಕೆ, ಶೇ 90 ಸುಮ್ಮನಿರುವುದು. ದೊಡ್ಡ ಬೆಂಕಿಯ ದಿನ ಯಾರೂ ಶೇ 90 ಸುಮ್ಮನಿರುವುದಿಲ್ಲ. ಎಲ್‌ಟಿಇ, ಜಿಪಿಎಸ್, ಬ್ಲೂಟೂತ್ ಮೂರನ್ನೂ ಚಾಲೂ ಮಾಡಿ ಒಂದು ಪೂರ್ತಿ ಪಾಳಿ ಓಡಿಸಿ ನೋಡಿ.

ಮಾತನ್ನು ಹೊರಗಿನವರು ಕದ್ದು ಕೇಳದಂತೆ ಮಾಡುವ ಗೂಢಲಿಪಿಯ (ಎನ್‌ಕ್ರಿಪ್ಷನ್) ಬಗ್ಗೆ ನೀವು ಕೇಳಿಲ್ಲ, ಆದರೂ ಮಾರುವವರು ತಂದೇ ತರುತ್ತಾರೆ. ಪಿ25ರಲ್ಲಿ ಎಇಎಸ್-256 ಎಂಬ ಗೂಢಲಿಪಿ ಕ್ರಮಕ್ಕಿಂತ ಕಡಿಮೆಯದನ್ನು ಹೊಸದಾಗಿ ಕೊಳ್ಳಬೇಡಿ. ಟೆಟ್ರಾದಲ್ಲಿ ಟಿಇಎ1 ಕ್ರಮವನ್ನು ದೂರವಿಡಿ. ಅದರ 80 ಬಿಟ್ ಕೀಲಿ ಒಳಗೊಳಗೇ 32 ಬಿಟ್‌ಗೆ ಕುಗ್ಗುತ್ತದೆ ಎಂಬುದನ್ನು ನೆದರ್‌ಲೆಂಡ್ಸ್‌ನ ಮಿಡ್‌ನೈಟ್ ಬ್ಲೂ ತಂಡ 2023ರಲ್ಲಿ ಬಯಲು ಮಾಡಿತು. ಗಣಿತ ಗಟ್ಟಿಯಾಗಿದ್ದರೂ ಬಳಕೆ ಸಡಿಲವಾದರೆ ಫಲವಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಕೇಂದ್ರ ತನಿಖಾ ಸಿಬ್ಬಂದಿಯ ಸೂಕ್ಷ್ಮ ಮಾತುಕತೆ ಗೂಢಲಿಪಿ ಇಲ್ಲದೆ ಬಯಲಾಗಿಯೇ ಹರಿಯುತ್ತಿದ್ದುದು ಕಂಡುಬಂತು. ಒಂದು ಸಣ್ಣ ಸ್ವಿಚ್ಚು ಯಾವ ಕಡೆಗಿದೆ ಎಂಬುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಗೂಢಲಿಪಿಯನ್ನು ಸ್ವಿಚ್ಚಿಗೆ ಬಿಡದೆ ಚಾನೆಲ್‌ಗೇ ಕಟ್ಟಿಹಾಕಿ. ಪೊಲೀಸರ ಚಾನೆಲ್‌ಗಳಿಗೆ ಅದು ಇರಲಿ. ಬೆಂಕಿಯ ಸ್ಥಳದ ಚಾನೆಲ್‌ಗೆ ಬೇಡ ಎಂಬುದು ನನ್ನ ನಿಲುವು. ನೆರವಿಗೆ ಓಡಿಬಂದ ಪಕ್ಕದ ದಳದವನ ಸೆಟ್ಟಿನಲ್ಲಿ ಕೀಲಿ ಇಲ್ಲದಿದ್ದರೆ ‘ಹೊರಗೆ ಬನ್ನಿ’ ಎಂಬ ಕೂಗು ಅವನಿಗೆ ತಲುಪುವುದಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ವಿಷಯ ಕಾಗದದ ಮೇಲೆ ಬರಲಿ. ಪ್ರೋಗ್ರಾಮಿಂಗ್ ತಂತ್ರಾಂಶ ಮತ್ತು ಕೀಲಿಗಳು ನಿಮ್ಮ ಕೈಯಲ್ಲಿರಬೇಕು, ಪ್ರತಿ ಬದಲಾವಣೆಗೂ ಕಂಪನಿಯ ಬಾಗಿಲಿಗೆ ಹೋಗುವಂತಿರಬಾರದು. ಬೇರೆ ಕಂಪನಿಯ ಸಾಧನಗಳ ಜೊತೆಗೂ ಹೊಂದಿಕೊಂಡು ಕೆಲಸ ಮಾಡುತ್ತದೆ ಎಂಬುದಕ್ಕೆ ಪಿ25 ಆದರೆ ಸಿಎಪಿ ಕಾರ್ಯಕ್ರಮದ, ಟೆಟ್ರಾ ಆದರೆ ಐಒಪಿ ಪರೀಕ್ಷೆಯ ದಾಖಲೆ ತೋರಿಸಬೇಕು; ಆ ಕಂಪನಿಯ ಸೆಟ್‌ಗಳ ನಡುವೆ ಮಾತ್ರ ನಡೆಯುವ ವಿಶೇಷಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿಸಿ. ಇನ್ನು ಚಂದಾ: ಯಾವ ಯಾವ ಸೌಲಭ್ಯ ವರ್ಷದ ಚಂದಾ ನಿಂತ ದಿನ ನಿಂತುಹೋಗುತ್ತದೆ? ಧ್ವನಿ, ತುರ್ತು ಗುಂಡಿ, ಗೂಢಲಿಪಿ ಈ ಮೂರು ಆ ಪಟ್ಟಿಯಲ್ಲಿದ್ದರೆ ಎದ್ದು ಬನ್ನಿ.

ಹಳೆಯ ಸೆಟ್‌ಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಕೆಲವನ್ನು ದೊಡ್ಡ ಅವಘಡಗಳಿಗೆಂದು ತೆಗೆದಿಡಿ. ನೇರ ಮಾತಿನ ಒಂದೆರಡು ಚಾನೆಲ್ ಮಾತ್ರ ಇಟ್ಟು ಉಳಿದುದನ್ನು ತೆಗೆದುಹಾಕಿ, ಹೊಸ ಬ್ಯಾಟರಿ ಹಾಕಿ. ಸ್ವಯಂಸೇವಕರ ಕೈಗೆ ಕೊಡಲು ಅವಕ್ಕಿಂತ ಸರಳವಾದುದು ಸಿಗದು. ಮಿಕ್ಕವನ್ನು ಮಾರುವ ಅಥವಾ ಗುಜರಿಗೆ ಹಾಕುವ ಮೊದಲು ಗೂಢಲಿಪಿಯ ಕೀಲಿಗಳನ್ನೂ ಕೋಡ್‌ಪ್ಲಗ್ಗನ್ನೂ ಅಳಿಸಿ, ಜಾಲದ ಕಡೆಯಿಂದ ಪ್ರತಿ ಸೆಟ್ಟಿನ ಗುರುತು ಸಂಖ್ಯೆಯನ್ನು ರದ್ದು ಮಾಡಿಸಿ, ಎರಡೂ ಆಗಿದೆಯೆಂದು ಒಬ್ಬರ ಸಹಿ ಪಡೆಯಿರಿ. ಕಳೆದುಹೋಗಿದೆ ಎಂದು ಪುಸ್ತಕದಲ್ಲಿ ಬರೆದಿಟ್ಟ ಸೆಟ್‌ಗಳ ಸಂಖ್ಯೆಗಳೂ ಆ ರದ್ದು ಪಟ್ಟಿಯಲ್ಲಿ ಸೇರಲಿ.